ಗಡ್ಡೆಗೆ ಹೋಗದ ಮೆಸೇಜು

ಹೊಳೆಗೆ ನೀರು ಬಿಡುವ ಮುನ್ನ ಊರೂರಿಗೆ ಎಚ್ಚರಿಕೆಯ ಮೆಸೇಜು ಕಳಿಸುವ ಪ್ರೋಗ್ರಾಂ ಅನ್ನು ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವರಿಬ್ಬರು ಗಂಗಾವತಿ ಬಸ್‌ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದರು. ಪ್ರಶ್ನೆ ಕೇಳುತ್ತಿದ್ದವಳು ಕೆಲಸದಲ್ಲಿ ಹಿರಿಯಳು.

“ಕೊಟ್ರೇಶ, ಹೊಳಿ ನಡುವಿನ ವಿರೂಪಾಪುರಗಡ್ಡಿಗೆ ಯಾಕ ಮೆಸೇಜ್ ಹೋಗಲಿಲ್ಲ?”

“ಡೇಟಾ ನಮೂನಿ ತಪ್ಪೈತಂತ ರೂಬಿ ಟೈಪ್ ಎರರ್ ಕೊಡ್ತಿತ್ರಿ ಅಕ್ಕಾರ. ಉಳಿದ ಊರಾಗ ಓಣಿಗೊಂದು ಹ್ಯಾಶ್ ಪಟ್ಟಿ ಐತಿ, ಅದರೊಳಗ ಫೋನ್ ನಂಬರ್ ಅದಾವ. ಗಡ್ಡ್ಯಾಗ ಓಣೀನ ಇಲ್ಲ, ನಂಬರ್ ಸೀದಾ ಊರಿನ ಕೆಳಗ ಅದಾವ. ಊರೂರು ಸುತ್ತೋ ಲೂಪ್ ಅಲ್ಲೇ ನಿಂದರತಿತ್ತು.”

“ಹೆಂಗ ಸರಿ ಮಾಡಿದಿ?”

“ಒಳಗ ಓಣಿ ಹ್ಯಾಶ್ ಇಲ್ದಿದ್ರ ಆ ಊರು ಬಿಟ್ಟು ಮುಂದ ಹೋಗು ಅಂತ ಬರದ್ನಿ. ಆಮ್ಯಾಲ ಎರರ್ ಬರಲಿಲ್ಲ.”

“ನೀರು ಬಂತು. ನಮ್ಮವ್ವನ ಎಮ್ಮಿ ಕೊಚ್ಚಿಕೊಂಡು ಹೋತು.”

“ನಿಮ್ಮ ಅವ್ವಾರು ಅಲ್ಲೇ ಅದಾರಂತ ಗೊತ್ತಿದ್ರ ಹಂಗ ಬಿಡ್ತಿದ್ದಿಲ್ರಿ.”

“ಉಳಿದೋರನ್ನ ಬಿಡ್ತಿದ್ದಿ?”

ಕೊಪ್ಪಳದ ಬಸ್ಸು ಬಂತು. ಆಕೆ ಹತ್ತಿದಳು. ಅದೇ ಬಸ್ಸಿಗೆ ಕಾದಿದ್ದ ಅವನು ಹತ್ತದೆ, ಹೊರಗೆ ನಡೆದುಹೋದ.