ಕೀಲಿ ಕಿತ್ತರೂ ನಿಲ್ಲದ ಗಾಡಿ

“ನಿನ್ನೆ ನಲವತ್ತು ಜನ ಪೊಲೀಸರು ಸಾಲಾಗಿ ನಿಂತು ನನಗೆ ಸೆಲ್ಯೂಟ್ ಹೊಡೆದ್ರು ಅಕ್ಕ.”

ಗ್ಯಾರೇಜಿನ ಬೆಂಚಿನ ಮೇಲೆ ಜೊತೆಗೆ ಕೂತಿದ್ದ ಅಕ್ಕನಿಗೆ ಹೀಗೆಂದವನು ಬೈಕಿನಲ್ಲಿ ಮನೆಮನೆಗೆ ಔಷಧಿ ತಲುಪಿಸುವವನು. ಪಕ್ಕದಲ್ಲಿ ಕಾಯುತ್ತಿದ್ದ ಟೀಚರಮ್ಮ ಕಿವಿಯನ್ನು ಮೊರದಗಲ ಮಾಡಿಕೊಂಡರು.

“ನಲವತ್ತಾ?” ಅಕ್ಕ ಕೇಳಿದಳು. “ಊರಲ್ಲಿರೋದೇ ಹನ್ನೆರಡು ಜನ.”

“ಪಕ್ಕದೂರಿಂದ ಕರೆಸಿದ್ರು. ಅಡ್ಡ ಹಾಕಿ, ಒಂದು ಮಾತೂ ಆಡದೆ ಕೀಲಿ ಕಿತ್ಕೊಂಡ್ರು. ಗಾಡಿ ಗುಡುಗುಡು ಅಂತಾನೇ ಇತ್ತು. ಎಂಜಿನ್ನು ನನ್ನ ಮಾತು ಬಿಟ್ರೆ ಬೇರೆಯವರದ್ದು ಕೇಳಲ್ಲ.”

“ಕೀಲಿ ಹಾಕೋ ಲಾಕ್ ಸವೆದು ವರ್ಷ ಆಯ್ತು, ಗಾಡಿ ಓಡ್ತಿರುವಾಗ್ಲೇ ಕೀಲಿ ಕೈಗೆ ಬರುತ್ತೆ. ಅದನ್ನ ಬದಲಿಸೋಕೇ ತಾನೇ ಬಂದಿರೋದು? ಆಮೇಲೆ?”

“‘ಕೀಲಿ ಕೀಳೋಕೆ ನೀವ್ಯಾರು?’ ಅಂತ ಗದರಿಸಿದೆ. ಸರ್ಕಲ್ಲೇ ನಡುಗಿತು.”

“ಜಿರಲೆ ಕಂಡ್ರೆ ಮಂಚ ಹತ್ತೋನು ನೀನು. ಅಮ್ಮನ ಮೇಲೆ ಆಣೆ ಹಾಕು ನೋಡೋಣ.”

ಅವನು ಹೆಲ್ಮೆಟ್ಟಿನ ಪಟ್ಟಿ ತಿರುಚತೊಡಗಿದ.

“ಒಬ್ರೇ ಇದ್ರು ಅಕ್ಕ. ನಡುಗಿದ್ದು ನನ್ನ ಕಾಲು. ಅಜ್ಜಿಯೊಬ್ಬರಿಗೆ ಇನ್ಸುಲಿನ್ ಮುಟ್ಟಿಸಬೇಕಿತ್ತು. ‘ಸಾರ್, ಹೆಲ್ಮೆಟ್ ಇದೆ, ಲೈಸೆನ್ಸ್ ಇದೆ. ತಪ್ಪಿದ್ರೆ ಬರ್ಕೊಳ್ಳಿ, ಕೀಲಿ ಕೊಡಿ’ ಅಂದೆ. ಕೈಲಿದ್ದ ಕೀಲಿ ನೋಡಿದ್ರು, ಓಡ್ತಾನೇ ಇದ್ದ ಎಂಜಿನ್ ನೋಡಿದ್ರು, ನಕ್ಕು ಕೊಟ್ಬಿಟ್ರು. ಅಜ್ಜಿಗೆ ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕಿತು.”

“ನಡುಗ್ತಾನೇ ಕೇಳಿದ್ಯಲ್ಲ, ಅದು ಕಣೋ ಧೈರ್ಯ. ಲಾಕ್ ಹಾಗೇ ಇರಲಿ, ನಡಿ.”

ಅಕ್ಕ ಬೈಕಿನ ಹಿಂದೆ ಕೂತಳು.

“ಮತ್ತೆ ಆ ಸೆಲ್ಯೂಟು?”

“ಅದನ್ನ ಅವರಿಗೆ ಹೊಡೆದೋನು ನಾನೇ,” ಎಂದವನು ಎದೆಯುಬ್ಬಿಸಿಕೊಂಡು ಹೊರಟೇಬಿಟ್ಟ.