ಪಟ್ಟೆ ಹಾಳೆ ಅಂಟಿಕೊಂಡ ವರದಿ

ಮನೆಯಲ್ಲೂ ಕೆಲಸದಲ್ಲೂ ಗಿರಗಿಟ್ಲೆ ಎಂದು ಕರೆಸಿಕೊಳ್ಳುವ ನಾನು, ವಯಸ್ಸು ಹತ್ತೊಂಬತ್ತು, ಲಿಫ್ಟ್ ದುರಸ್ತಿ ಕಂಪನಿಯ ದಾಖಲೆ ಕೋಣೆಯಲ್ಲಿ ಸ್ಕ್ಯಾನಿಂಗ್ ಕೆಲಸ, ವಾಸ ಗ್ಯಾಸ್ ಗೋದಾಮಿನ ಹಿಂದಿನ ಬೀದಿ, ಟೈಲರ್ ಅಂಗಡಿಯ ಮಹಡಿ ಮನೆ, ಯಾರೂ ಕರೆಸದೆ ನಾನಾಗಿ ಠಾಣೆಗೆ ಬಂದು ಬರೆಸುತ್ತಿರುವ ಸಂಗತಿ ಹೀಗಿದೆ.

ನಾನು ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ಫೇಲಾಗಿ ಬಿಟ್ಟಿದ್ದಲ್ಲ, ಬೆಂಚಿನ ಮೇಲೆ ಕೂರಲಾಗದೆ ಬಿಟ್ಟೆ. ಆಮೇಲೆ ಮೂರು ಕಡೆ ಕೆಲಸಕ್ಕೆ ಸೇರಿ ಮೂರನ್ನೂ ಬಿಟ್ಟಿದ್ದೇನೆ. ಈ ಕೆಲಸದಲ್ಲಿ ಹನ್ನೊಂದು ತಿಂಗಳಿಂದ ಇದ್ದೇನೆ, ಏಕೆಂದರೆ ಇಲ್ಲಿ ನಿಂತೇ ಕೆಲಸ ಮಾಡಬೇಕು.

ಮೆಕ್ಯಾನಿಕ್‌ಗಳು ಪ್ರತಿ ಕಟ್ಟಡದ ಲಿಫ್ಟ್ ನೋಡಿ ಎರಡು ಪುಟದ ವರದಿ ಬರೆದು ಕಚೇರಿಗೆ ಕೊಡುತ್ತಾರೆ. ಮ್ಯಾನೇಜರ್ ನೋಡಿ ಸಹಿ ಹಾಕಿದ ಮೇಲೆ ಕಟ್ಟು ನನಗೆ ಬರುತ್ತದೆ. ಒಂದು ವರದಿಗೂ ಇನ್ನೊಂದಕ್ಕೂ ನಡುವೆ ದಪ್ಪ ಕಪ್ಪು ಪಟ್ಟೆಗಳಿರುವ ಹಾಳೆಯೊಂದನ್ನು ಇಡುತ್ತೇನೆ. ನಾವು ಅದಕ್ಕೆ ಪಟ್ಟೆ ಹಾಳೆ ಎನ್ನುತ್ತೇವೆ. ಅದು ಕಂಡಾಗಲೇ ಯಂತ್ರಕ್ಕೆ ಒಂದು ವರದಿ ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯುವುದು. ನಂತರ ಟೈಪಿಂಗ್ ಅಕ್ಕ ಪ್ರತಿ ವರದಿಯ ಮೊದಲ ಪುಟ ನೋಡಿ ಕಟ್ಟಡದ ಸಂಖ್ಯೆ ಮತ್ತು ತಾರೀಖನ್ನು ಕಂಪ್ಯೂಟರಿಗೆ ಹಾಕುತ್ತಾರೆ. ಕಂಪ್ಯೂಟರಿನಲ್ಲಿ ಹುಡುಕಿದರೆ ಅದು ನೋಡುವುದು ಅಕ್ಕ ಹಾಕಿದ ಈ ಎರಡನ್ನು ಮಾತ್ರ, ಒಳಗಿನ ಪುಟಗಳನ್ನಲ್ಲ. ತಿಂಗಳಾದ ಮೇಲೆ ಕಾಗದವನ್ನು ಚೂರು ಮಾಡುತ್ತಾರೆ. ಇಷ್ಟು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ, ಅದಕ್ಕೆ ಬರೆಸಿದ್ದೇನೆ.

ಕಳೆದ ಶುಕ್ರವಾರ ನಲವತ್ತೆರಡನೇ ಕಟ್ಟಡದ ಲಿಫ್ಟ್ ಜಾರಿ ಬಿದ್ದು, ನೆಲ ಒರೆಸುವ ಹೆಂಗಸಿನ ಸೊಂಟ ಮುರಿದಿದೆ. ಆ ಲಿಫ್ಟ್ ನೋಡುತ್ತಿದ್ದವರು ನಾವು ಗ್ರೀಸ್ ಮಾವ ಎಂದು ಕರೆಯುವ ಮೆಕ್ಯಾನಿಕ್. ಬ್ರೇಕ್ ಸವೆದಿದೆ ಎಂದು ಹೋದ ತಿಂಗಳೇ ಬರೆದುಕೊಟ್ಟಿದ್ದೇನೆ ಎಂದು ಅವರು ನಿಮ್ಮಲ್ಲಿ ಹೇಳಿದರು. ಸೋಮವಾರ ಮ್ಯಾನೇಜರ್ ಹುಡುಕಿಸಿದಾಗ "ದಾಖಲೆ ಇಲ್ಲ" ಎಂದು ಬಂತು. ಅದನ್ನೇ ಪ್ರಿಂಟ್ ತೆಗೆದು ಠಾಣೆಗೆ ಕಳಿಸಿದರು. ಮಂಗಳವಾರ ಸಂಜೆ ಗ್ರೀಸ್ ಮಾವನನ್ನು ಹಿಡಿದು ತಂದಿರಿ. ನಾಳೆ ಕೋರ್ಟಿಗೆ ಕರೆದೊಯ್ಯುತ್ತೀರಿ ಎಂದು ತಿಳಿದುಬಂದಿದೆ.

ಅವರು ನನಗೆ ನೆಂಟರಲ್ಲ. ನಿಜ ಹೇಳಬೇಕೆಂದರೆ ಅವರಿಗೂ ನನಗೂ ಎಣ್ಣೆ ಸೀಗೆಕಾಯಿ. ಕೈ ಒರೆಸದೆ ವರದಿ ಬರೆಯುತ್ತಾರೆ. ಅವರ ಹಾಳೆಗಳು ಒಂದಕ್ಕೊಂದು ಅಂಟಿ ಯಂತ್ರದೊಳಗೆ ಜೋಡಿಯಾಗಿ ಹೋಗುತ್ತವೆ. ಕಾಗದದಲ್ಲಿ ಕೈ ಒರೆಸ್ತೀರೋ, ಕೈಯಲ್ಲಿ ಕಾಗದ ಒರೆಸ್ತೀರೋ ಎಂದು ಒಮ್ಮೆ ಕೇಳಿದ್ದೆ. ಲಿಫ್ಟ್ ಓಡೋದು ಗ್ರೀಸಿಂದ ಕಣೇ, ನಿನ್ನ ಪಟ್ಟೆಯಿಂದಲ್ಲ ಎಂದಿದ್ದರು.

ಮಂಗಳವಾರ ರಾತ್ರಿ ಆ ಜಗಳ ನೆನಪಾಯಿತು. ಪಟ್ಟೆ ಹಾಳೆಯೇ ಅಂಟಿಕೊಂಡಿದ್ದರೆ ಎಂಬ ಯೋಚನೆ ಬಂತು. ಅದು ಮೇಲಿನ ಹಾಳೆಯ ಬೆನ್ನಿಗೆ ಅಂಟಿ ಒಳಗೆ ಹೋದರೆ ಯಂತ್ರಕ್ಕೆ ಕಾಣುವುದಿಲ್ಲ. ಆಗ ಮುಂದಿನ ವರದಿ ಹಿಂದಿನದರ ಬಾಲವಾಗಿ ಸೇರುತ್ತದೆ. ಅದಕ್ಕೆ ಸ್ವಂತ ಸಂಖ್ಯೆಯೇ ಇರುವುದಿಲ್ಲ, ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಈ ದಿನ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಕಟ್ಟಡದ ಸಂಖ್ಯೆ ಬಿಟ್ಟು, ಹೋದ ತಿಂಗಳ ವರದಿಗಳಲ್ಲಿ ಎರಡು ಪುಟಕ್ಕಿಂತ ಹೆಚ್ಚಿರುವುದು ಯಾವುದೆಂದು ನೋಡಿದೆ. ಒಂದೇ ಇತ್ತು. ಹದಿನೇಳನೇ ಕಟ್ಟಡದ್ದು, ತಾರೀಖು ಒಂಬತ್ತು, ನಾಲ್ಕು ಪುಟ. ಮೂರನೇ ಪುಟದ ಮೇಲ್ಭಾಗದಲ್ಲಿ ನಲವತ್ತೆರಡು ಎಂದಿತ್ತು. ಕೆಳಗೆ ಗ್ರೀಸ್ ಮಾವನ ಕೈಬರಹದಲ್ಲಿ, ಬ್ರೇಕ್ ಸವೆದಿದೆ, ಬದಲಿಸುವ ತನಕ ಓಡಿಸಬಾರದು ಎಂದಿತ್ತು. ಅಂಚಿನಲ್ಲಿ ಅವರ ಹೆಬ್ಬೆರಳು ಕಪ್ಪಗೆ ಮೂಡಿತ್ತು. ನಾಲ್ಕನೇ ಪುಟದಲ್ಲಿ ಕಚೇರಿಯ ಮೊಹರು, "ನೋಡಿದೆ" ಎಂಬ ಬರಹ, ಮ್ಯಾನೇಜರ್ ಸಹಿ ಇದ್ದವು. ಆ ಕಟ್ಟನ್ನು ಯಂತ್ರಕ್ಕೆ ಹಾಕಿದವಳು ನಾನೇ. ಅದನ್ನೂ ಬರೆದುಕೊಳ್ಳಿ.

ಟೈಪಿಂಗ್ ಅಕ್ಕನನ್ನು ಕರೆದು ತೋರಿಸಿದೆ. ಅಕ್ಕ ಎರಡು ಸಲ ಓದಿ, ಏನೇ ಇದು, ಹಾವಿನ ಹುತ್ತಕ್ಕೆ ಕೈ ಹಾಕಿದ್ದೀಯಲ್ಲೇ ಎಂದರು.

ಸಹಿ ಕಂಡಿದ್ದರೂ ಮ್ಯಾನೇಜರಿಗೇ ಮೊದಲು ಹೇಳಿದೆ. ಬೆನ್ನ ಹಿಂದೆ ಹೋಗುವ ಅಭ್ಯಾಸ ನನಗಿಲ್ಲ. ಅವರು ಪರದೆಯ ಮೇಲೆ ನಾಲ್ಕೂ ಪುಟ ನೋಡಿದರು. ಆಮೇಲೆ, ಒಂದರ ಹಿಂದೆ ಇನ್ನೊಂದು ಸೇರಿದ್ರೆ ತಪ್ಪಲ್ವೇನಮ್ಮ, ಆ ಎರಡು ಪುಟ ಕತ್ತರಿಸಿಬಿಡು ಎಂದರು. ಕತ್ತರಿಸ್ತೀನಿ ಸಾರ್, ಮೊದಲು ನಲವತ್ತೆರಡರಲ್ಲಿ ಹೊಸದಾಗಿ ಸೇರಿಸಿ, ಆಮೇಲೆ ಇಲ್ಲಿಂದ ಕತ್ತರಿಸಬೇಕು, ಕ್ರಮ ಹಾಗಿದೆ ಎಂದೆ. ಸೇರಿಸೋದು ನಾನು ನೋಡ್ಕೋತೀನಿ, ನೀನು ಕತ್ತರಿಸು ಎಂದರು. ಆಗುವುದಿಲ್ಲ ಎಂದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನನಗೆ ಕ್ರಮ ಹೇಳಿಕೊಡ್ತೀಯಾ ಎಂದು ಕೂಗಿದರು. ಬಿಟ್ಟಿದ್ದು ಶಾಲೆ ಸಾರ್, ಎಣಿಸೋದನ್ನಲ್ಲ ಎಂದೆ.

ನನ್ನ ಗುರುತಿನ ಚೀಟಿ ಕಿತ್ತುಕೊಂಡು ಮನೆಗೆ ಹೋಗು ಎಂದರು. ನಂತರ ಅಕ್ಕನಿಗೆ ಕತ್ತರಿಸಲು ಹೇಳಿದರು. ಅಕ್ಕ ಕೀಬೋರ್ಡಿಗೆ ಹೊದಿಕೆ ಮುಚ್ಚಿ, ತಲೆ ಸಿಡೀತಿದೆ ಸಾರ್, ಮುಖ ತೊಳೆದು ಬರ್ತೀನಿ ಎಂದು ಊಟದ ಡಬ್ಬಿ ಹಿಡಿದು ಹೊರಟರು. ಮುಖ ತೊಳೆಯಲು ಡಬ್ಬಿ ಯಾಕೆ ಎಂದು ನಾನು ಕೇಳಲಿಲ್ಲ. ಕತ್ತರಿಸುವ ಅಧಿಕಾರವನ್ನು ಕಂಪ್ಯೂಟರಿನಲ್ಲಿ ನಮ್ಮಿಬ್ಬರಿಗೆ ಬಿಟ್ಟರೆ ಸಾಫ್ಟ್‌ವೇರ್ ಕಂಪನಿಯವನಿಗೆ ಮಾತ್ರ ಕೊಟ್ಟಿದ್ದಾರೆ. ನಾನು ಬಾಗಿಲು ದಾಟುವಾಗ ಮ್ಯಾನೇಜರ್ ಫೋನಿನಲ್ಲಿ ಅವನಿಗೆ ನಾಲ್ಕು ಗಂಟೆಗೆ ಬಾ ಎನ್ನುತ್ತಿದ್ದರು.

ಒಂದು ಗಂಟೆಗೆ ಠಾಣೆ ತಲುಪಿದೆ. ಬಾಗಿಲಲ್ಲಿದ್ದ ಪೇದೆ, ಹೇಳಿಕೆ ಬರೆಯುವ ಬರಹಗಾರರು ಊಟಕ್ಕೆ ಹೋಗಿದ್ದಾರೆ, ನಾಳೆ ಬಾ ಎಂದರು. ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಗ್ರೀಸ್ ಮಾವನ ಹೆಂಡತಿ ಇದ್ದರು. ವಿಷಯ ಕೇಳಿ ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಎಲ್ಲಿ, ತೋರಿಸು ಎಂದರು. ದಾಖಲೆ ಕೋಣೆಗೆ ಫೋನ್ ಒಯ್ಯಲ್ಲ, ಕಾಗದ ಹೊರಗೆ ತರಲ್ಲ ಅಂತ ಸೇರುವಾಗಲೇ ಬರೆದುಕೊಟ್ಟಿದ್ದೀನಿ ಅತ್ತೆ ಎಂದೆ. ಹಣೆ ಚಚ್ಚಿಕೊಂಡು, ಸತ್ಯವಂತೆ ಬಂದ್ಲು ನೋಡಿ, ಬರಿಗೈ ಬೀಸ್ಕೊಂಡು ಎಂದು ಬೈದರು. ಸ್ವಲ್ಪ ಹೊತ್ತಿನ ಮೇಲೆ ತಮ್ಮ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು. ಶಾಲೆಯಲ್ಲಿ ಕೂರದವಳು ಅಲ್ಲಿ ಎರಡು ಗಂಟೆಗೆ ನೀವು ಊಟ ಮುಗಿಸಿ ಬರುವ ತನಕ ಕೂತಿದ್ದೆ.

ನೀವೂ ಪ್ರಿಂಟ್ ಎಲ್ಲಿ ಎಂದು ಕೇಳಿದ್ದೀರಿ. ಇಲ್ಲ. ಅದಕ್ಕಾಗಿಯೇ ನೀವು ಬರಬೇಕು. ಹುಡುಕುವ ಜಾಗದಲ್ಲಿ ನಲವತ್ತೆರಡು ಒತ್ತಬೇಡಿ, ಹದಿನೇಳು ಒತ್ತಿ. ತಾರೀಖು ಒಂಬತ್ತು, ಮೂರು ಮತ್ತು ನಾಲ್ಕನೇ ಪುಟ. ಅವು ಅಲ್ಲಿ ಇರಬಹುದು ಎಂದು ಮೊದಲು ಬರೆದಿದ್ದಿರಿ, ಇವೆ ಎಂದು ತಿದ್ದಿಸಿದ್ದೇನೆ. ನಾಲ್ಕು ಗಂಟೆಯ ಮೇಲೆ ಹೋದರೆ ಆ ಮಾತಿಗೆ ನಾನು ಹೊಣೆಯಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಇಷ್ಟೇ, ಸೇರಿಸಿದ್ದು ಏನೂ ಇಲ್ಲ. ಹೇಳಿಕೆ ಮೂರು ಪುಟ ಇದೆ, ಮೂರಕ್ಕೂ ಗ್ರೀಸ್ ಮಾವನ ಪ್ರಕರಣದ ಸಂಖ್ಯೆ ಬರೆಸಿದ್ದೇನೆ. ಬೇರೆ ಯಾರ ಕಡತದ ಹಿಂದೆಯೂ ಇದನ್ನು ಸೇರಿಸಬಾರದು.

ಸ್ಥಳ: ಠಾಣೆ, ಬರಹಗಾರರ ಮೇಜು
ದಿನಾಂಕ: ಹದಿನಾರು, ಬುಧವಾರ, ಮಧ್ಯಾಹ್ನ ೩.೧೦
(ಸಹಿ)

ಷರಾ: ಹೇಳಿಕೆದಾರಳು ಸಹಿ ಮಾಡುವ ಮೊದಲೇ ಹೊರಗೆ ಹೋಗಿ ಜೀಪಿನಲ್ಲಿ ಕುಳಿತಿದ್ದರಿಂದ, ಜೀಪಿನ ಬಳಿಗೇ ಹೋಗಿ ಮೂರೂ ಪುಟಗಳಿಗೆ ಸಹಿ ಪಡೆಯಲಾಗಿದೆ. ೩.೧೫ಕ್ಕೆ ಹೊರಟಿದ್ದೇವೆ.
(ಸಹಿ) ಹೆಡ್ ಕಾನ್‌ಸ್ಟೇಬಲ್