ಉಸ್ತಾ ಅಬ್ಬೂದ್ ಕೇಳಿದ ಇಟ್ಟಿಗೆ

ಬಸ್ರಾದಲ್ಲಿ ಮಳೆ ಬರುವುದೇ ಅಪರೂಪ. ಬಂದರೆ ಕಾಲುವೆ ಯಾವುದು, ಬೀದಿ ಯಾವುದು ತಿಳಿಯುವುದಿಲ್ಲ. ಅಂಥದೊಂದು ಸಂಜೆ ಮನೆಗೆ ಹೋಗಲಾಗದೆ, ಖರ್ಜೂರ ಆರಿಸುವ ಹೆಂಗಸರೆಲ್ಲ ತಟ್ಟೆಗಳನ್ನೆತ್ತಿಕೊಂಡು ಇಟ್ಟಿಗೆಯಲ್ಲಿ ಕಟ್ಟಿದ ಹಳೆಯ ಖರ್ಜೂರದ ಉಗ್ರಾಣದ ಹಿಂಬದಿಗೆ ಸರಿದು ಕೂತರು. ಇಷ್ಟು ಮುದಿ ಕಟ್ಟಡ, ಒಂದು ಹನಿಯೂ ಸೋರುವುದಿಲ್ಲವಲ್ಲ ಎಂದು ಹೊಸದಾಗಿ ಕೆಲಸಕ್ಕೆ ಸೇರಿದ್ದ ರಬಾಬ್ ಬೆರಗಾದಳು. ಎಲ್ಲರಿಗಿಂತ ಹಿರಿಯಳಾದ ವಹೀದಾ ಬೀಬಿ ಚಹಾದ ಲೋಟ ಕೆಳಗಿಟ್ಟಳು.

"ಸೋರ್ತಿತ್ತು ಕಣೇ. ನಮ್ಮ ದೊಡ್ಡಮ್ಮನ ದೆಸೆಯಿಂದ ಒಂದು ಕಾಲಕ್ಕೆ ಸೋರ್ತಿತ್ತು."

ದೊಡ್ಡಮ್ಮನ ಹೆಸರು ಮಕ್ಕಿಯಾ. ಅವಳ ಗಂಡ ಉಸ್ತಾ ಅಬ್ಬೂದ್ ಈ ಉಗ್ರಾಣ ಕಟ್ಟಿದ ಮೇಸ್ತ್ರಿ. ಆಸರೆಗೆ ಒಂದು ಮರದ ತುಂಡೂ ಇಲ್ಲದೆ, ಇಟ್ಟಿಗೆಗೆ ಇಟ್ಟಿಗೆ ಒರಗಿಸುತ್ತಾ ಅವನು ಚಾವಣಿಯನ್ನು ಬಿಲ್ಲಿನಂತೆ ಬಾಗಿಸುತ್ತಿದ್ದ; ನದಿಯ ಗಾಳಿ ಖರ್ಜೂರವನ್ನು ತಂಪಾಗಿಡಲೆಂದು ಗೋಡೆಯ ನೆತ್ತಿಯಲ್ಲಿ ಕಿಂಡಿ ಬಿಡುತ್ತಿದ್ದ. ಮೇಲಿನಿಂದ ಹಾಡಿನಲ್ಲೇ ಇಟ್ಟಿಗೆ ಕೇಳುವನು, ಕೆಳಗಿನಿಂದ ಮಕ್ಕಿಯಾ ಗುರಿಯಿಟ್ಟು ಎಸೆಯುವಳು. ಕೊನೆಯ ಕಮಾನು ಅರ್ಧವಾಗಿದ್ದಾಗ ವಾಂತಿಭೇದಿ ಅವನನ್ನು ಕೊಂಡೊಯ್ದಿತು. ಬೇರೆ ಮೇಸ್ತ್ರಿಗಳು ಬಂದರು... ಅವರಿಟ್ಟ ಇಟ್ಟಿಗೆ ಒಂದೂ ನಿಲ್ಲಲಿಲ್ಲ.

ಮಕ್ಕಿಯಾ ಅತ್ತಿರಲಿಲ್ಲ. ಒಂದು ಮಧ್ಯಾಹ್ನ, ಊರೆಲ್ಲ ಬಿಸಿಲಿಗೆ ಮಲಗಿದ್ದಾಗ, ಕಮಾನಿನ ಕೆಳಗೆ ಬಂದು ನಿಂತಳು. ಕಿಂಡಿಯ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ಆ ಧೂಳಿನೊಳಗಿಂದಲೇ ಹಾಡು ಇಳಿಯಿತು... ಅದೇ ಧ್ವನಿ, ಇಟ್ಟಿಗೆ ಕೇಳುವ ಅದೇ ಹಾಡು. ಅವಳ ಕೈ ತಾನಾಗಿ ಒಂದು ಇಟ್ಟಿಗೆಯನ್ನು ಎತ್ತಿ ಎಸೆಯಿತು. ಎಸೆದದ್ದು ಕೆಳಗೆ ಬೀಳಲಿಲ್ಲ. ಹಾಗೆ ಎಸೆಯುತ್ತಾ ಎಸೆಯುತ್ತಾ, ಹೊತ್ತು ವಾಲುವಷ್ಟರಲ್ಲಿ ಅಂಗೈಯಗಲದ ಆಕಾಶ ಮಾತ್ರ ಉಳಿದಿತ್ತು. ಆಗ ಅವಳಿಗೆ ಹೊಳೆಯಿತು, ಇದೊಂದು ಕೊಟ್ಟರೆ ಅವನ ಕೆಲಸ ಮುಗಿಯುತ್ತದೆ. ಕೊನೆಯ ಇಟ್ಟಿಗೆಯನ್ನು ಮೈಮೇಲೆ ಹೊದ್ದ ಅಬಾಯಾದೊಳಗೆ ಮುಚ್ಚಿಟ್ಟುಕೊಂಡು ಮನೆಗೆ ನಡೆದಳು.

ಆಮೇಲೆ ದಿನವೂ ಮಧ್ಯಾಹ್ನ ಬಂದು ಆ ತೂತಿನ ಕೆಳಗೆ ಕೂತು ಮನೆಯ ಸುದ್ದಿಯನ್ನೆಲ್ಲ ಹೇಳುವಳು. ಅವನು ಇಟ್ಟಿಗೆ ಕೇಳುವನು, ಇವಳು ಕೇಳದವಳಂತೆ ಬೇರೆ ಮಾತು ತೆಗೆಯುವಳು. ಅವನು ಬದುಕಿದ್ದಾಗಲೂ ಅವರಿಬ್ಬರು ಅಷ್ಟು ಸುಖವಾಗಿ ಮಾತಾಡಿರಲಿಲ್ಲವಂತೆ.

ಚಳಿಗಾಲದ ಮಳೆ ಆ ತೂತಿನಿಂದ ಇಳಿದು ಖರ್ಜೂರದ ರಾಶಿ ಹುಳಿಯಿತು. ಇಡೀ ಕಮಾನನ್ನೇ ಕೆಡವಿಸುತ್ತೇನೆಂದು ಉಗ್ರಾಣದ ಯಜಮಾನ ಹೇಳಿ ಕಳಿಸಿದ. ಜೊತೆಗೆ ಖರ್ಜೂರ ಆರಿಸುತ್ತಿದ್ದ ಹೆಂಗಸರು ಮಕ್ಕಿಯಾಳನ್ನು ತಡೆದು ನಿಲ್ಲಿಸಿದರು. "ಸತ್ತ ಗಂಡನ ಹತ್ರ ಸರಸ ನಿಂದು. ಕೊಳೆಯೋದು ಮಾತ್ರ ನಮ್ಮ ರೊಟ್ಟಿ," ಎಂದಳೊಬ್ಬಳು.

ಮಾರನೆಯ ದಿನ ಇಟ್ಟಿಗೆ ಹಿಡಿದು ಬಂದವಳು ಎಸೆಯಲಾರದೆ ನಿಂತಳು.

"ಕೊಟ್ರೆ ಹೋಗ್ಬಿಡ್ತೀಯ?"

ಹಾಡು ನಿಂತಿತು. ಮೇಲಿನಿಂದ ದಣಿದ ಧ್ವನಿ ಬಂತು. "ಅವತ್ತಿಂದ ಕೈ ಚಾಚ್ಕೊಂಡೇ ಇದ್ದೀನಿ ಮಕ್ಕಿಯಾ. ತೋಳು ನೋಯ್ತಿದೆ."

ಅಷ್ಟು ದಿನ ಅವನ ತೋಳಿನ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಎಸೆದುಬಿಟ್ಟಳು. ಆಕಾಶ ಮುಚ್ಚಿತು. ಅವಳು ಅಲ್ಲೇ ಕೂತು ಮೊದಲ ಸಲ ಅತ್ತಳು. ಆಮೇಲೆ ಮುದುಕಿಯಾಗುವವರೆಗೂ ಇಲ್ಲೇ ಖರ್ಜೂರ ಆರಿಸಿದಳು, ಹಾಡು ಮಾತ್ರ ಮತ್ತೆ ಕೇಳಲಿಲ್ಲ.

ಬೀಬಿ ಚಹಾದ ಲೋಟವನ್ನು ಮತ್ತೆ ಕೈಗೆತ್ತಿಕೊಂಡಳು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಪಾಪ, ಅಲ್ಲಿಗೆ ಮುಗಿಯಿತಲ್ಲ ಎಂದು ರಬಾಬ್ ನಿಟ್ಟುಸಿರು ಬಿಟ್ಟಳು.

"ಅವಳು ಸತ್ತ ವಾರಕ್ಕೇ ಮತ್ತೆ ಶುರುವಾಯ್ತಮ್ಮ... ಮೇಲಿಂದ ಇಟ್ಟಿಗೆ ಕೇಳೋ ಗಂಡಸಿನ ಹಾಡು, ಕೆಳಗಿಂದ ಹೆಂಗಸಿನ ನಗು. ಮಧ್ಯಾಹ್ನ ಮಲಗದೇ ಇದ್ರೆ ನಿಂಗೂ ಕೇಳ್ಸತ್ತೆ." ಬೀಬಿ ತಲೆಯೆತ್ತಿ ಚಾವಣಿಯನ್ನು ಅಕ್ಕರೆಯಿಂದ ನೋಡಿದಳು. "ನಾವೀಗ ಕೂತಿದ್ದೀವಲ್ಲ, ಈ ಕಮಾನು... ನಾನು ಹುಡುಗಿಯಾಗಿದ್ದಾಗ ಇದು ಇರ್ಲಿಲ್ಲ."